ಹಬ್ಬ ನಿಲ್ಲಿಸಿದ ಮಹನೀಯರ ಹಬ್ಬ

ಸಲ್ವಾ: ತಣ್ಣಗಿನ ಊಟ

ಕುವೈತಿನ ಸಲ್ವಾ ಎಂಬ ಬಡಾವಣೆಯ ಒಂದು ಫ್ಲ್ಯಾಟಿನಲ್ಲಿ ಊಟದ ಮೇಜಿನ ಸುತ್ತ ನಾವು ಕೂತಿದ್ದೆವು. ಮನೆಯ ಯಜಮಾನರಾದ ಆನಂದರಾಯರು, ಅವರ ಹೆಂಡತಿ ಸುಶೀಲಕ್ಕ, ನನ್ನ ತಂಗಿ ವಿಮಲಾ, ಅವಳ ಗಂಡ ಸುಕುಮಾರ, ಅವರ ಮಗಳು ಶೆರಿನ್, ಮತ್ತೆ ಹಿಂದಿನ ದಿನವಷ್ಟೇ ಮಂಗಳೂರಿನಿಂದ ಬಂದಿಳಿದ ನಾನು. ಮೇಜಿನ ಮೇಲೆ ತಣ್ಣಗಿನ ಅನ್ನ, ತಣ್ಣಗಿನ ಸಾರು, ಅದಕ್ಕಿಂತಲೂ ತಣ್ಣಗಿನ ಮೀನು. ಕೆಲಸ ಬಿಟ್ಟು ದೇವರಿಗೆ ಮೀಸಲಿಡುವ ಸಬ್ಬತ್ ದಿನ ಆ ಮನೆಯಲ್ಲಿ ಒಲೆ ಹಚ್ಚುವ ಕ್ರಮ ಇರಲಿಲ್ಲ. ಹಿಂದಿನ ದಿನ ಬೇಯಿಸಿದ್ದನ್ನು ಬಿಸಿ ಮಾಡುವುದೂ ಕೆಲಸವೇ ಆದ್ದರಿಂದ ಅದೂ ಪಾಪವೇ ಆಗಿತ್ತು.

"ಮೀನು ಒಳ್ಳೇದುಂಟು ಸುಶೀಲಕ್ಕ," ಎಂದೆ ನಾನು, ಪರವೂರಿಗೆ ಬಂದವನ ಸೌಜನ್ಯಕ್ಕೆ.

"ಈ ದಿನ ಬಾಯಿರುಚಿಯನ್ನು ಹೊಗಳುವುದು ಬೇಡ," ಎಂದರು ಆನಂದರಾಯರು, ತಟ್ಟೆಯಿಂದ ಕಣ್ಣೆತ್ತದೆ. ಮೀನು ಹೊಗಳಿಕೆಗೆ ಯೋಗ್ಯವಾಗಿತ್ತು ಎಂದು ಅವರಾದರೂ ನಂಬಿದರಲ್ಲ, ಅದಕ್ಕೇ ನಾನು ಸಂತೋಷಪಟ್ಟೆ.

ಅಂದು ಶುಕ್ರವಾರ. ಕುವೈತಿನಲ್ಲಿ ವಾರದ ರಜೆ ಶುಕ್ರವಾರವೇ ಆದ್ದರಿಂದ ಅಲ್ಲಿನ ಕ್ರೈಸ್ತ ಸಭೆಗಳೂ ಶುಕ್ರವಾರವೇ ಆರಾಧನೆ ನಡೆಸುತ್ತವೆ. ಉಳಿದವರೆಲ್ಲ ಇದನ್ನು ಹೆಚ್ಚು ತಲೆ ಕೆಡಿಸಿಕೊಳ್ಳದೆ ಒಪ್ಪಿಕೊಂಡಿದ್ದಾರೆ. ಕನ್ನಡ ಸಭೆಯ ಹಿರಿಯರಾದ ಆನಂದರಾಯರಿಗೆ ಮಾತ್ರ ಇದು ವರ್ಷಗಟ್ಟಲೆ ನಿದ್ದೆ ಕೆಡಿಸಿದ ಪ್ರಶ್ನೆಯಂತೆ. ದೇವರ ದಿನ ಭಾನುವಾರ, ಕಂಪನಿ ಕೊಟ್ಟ ದಿನ ಶುಕ್ರವಾರ. ಕೊನೆಗೆ ಯಾರ ಮನಸ್ಸನ್ನೂ ನೋಯಿಸುವುದು ಬೇಡವೆಂದು ಅವರು ಎರಡನ್ನೂ ಸಬ್ಬತ್ ಆಗಿ ಆಚರಿಸುತ್ತಿದ್ದರು. ಸುಶೀಲಕ್ಕನ ಅಡುಗೆಮನೆಗೆ ವಾರದಲ್ಲಿ ಎರಡು ದಿನ ಬೀಗ. ಅದೊಂದು ವಿಷಯದಲ್ಲಿ ಗಂಡನ ಭಕ್ತಿಯ ಬಗ್ಗೆ ಆಕೆಗೆ ದೂರಿಲ್ಲ ಎಂದು ನನಗೆ ತೋರಿತು.

ನಾವು ಬೆಳಿಗ್ಗೆ ಆರಾಧನೆ ಮುಗಿಸಿ ಬಂದದ್ದು ನಗರದ ಒಂದು ದೊಡ್ಡ ಚರ್ಚ್ ಆವರಣದಿಂದ. ಅಲ್ಲಿ ತಮಿಳರು, ಮಲಯಾಳಿಗಳು, ಫಿಲಿಪ್ಪೀನಿನವರು, ಕೊರಿಯಾದವರು, ಅರಬ್ಬೀ ಮಾತಾಡುವವರು, ಎಲ್ಲರೂ ಅದೇ ಕೋಣೆಗಳನ್ನು ಸಮಯ ಹಂಚಿಕೊಂಡು ಬಳಸುತ್ತಾರೆ. ಒಂದು ಸಭೆ ಆಮೆನ್ ಹೇಳುವಷ್ಟರಲ್ಲಿ ಮುಂದಿನ ಸಭೆಯವರು ಗಿಟಾರ್ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ಉಡುಪಿಯ ಸಿಟಿ ಬಸ್ಸಿನಲ್ಲಿ ಇಳಿಯುವವರು ಇಳಿಯುವ ಮೊದಲೇ ಹತ್ತುವವರು ಹತ್ತುವುದನ್ನು ನೋಡಿ ಬೆಳೆದ ನನಗೆ ಅಲ್ಲಿ ಏನೂ ಪರಕೀಯವೆನಿಸಲಿಲ್ಲ.

ಪರಕೀಯವೆನಿಸಿದ್ದು ನಮ್ಮವರದೇ ಸಭೆ. ಅಷ್ಟು ದೊಡ್ಡ ಕೋಣೆಯಲ್ಲಿ ಬೆರಳೆಣಿಕೆಯ ಜನ, ಅದೂ ಆಸ್ಪತ್ರೆಯ ಹೊರಗೆ ಕಾಯುವವರ ಹಾಗೆ ಕೂತಿದ್ದರು. ತಬಲಾ ಇಲ್ಲ, ಕೀಬೋರ್ಡ್ ಇಲ್ಲ. ಚಪ್ಪಾಳೆ ಇಲ್ಲ. ಕ್ರಿಸ್ಮಸ್ ಹತ್ತಿರ ಬಂದರೂ ಒಂದು ನಕ್ಷತ್ರದ ದೀಪ ಇಲ್ಲ. ನಾನು ಬಾಳೆ ಎಲೆಯಲ್ಲಿ ಸುತ್ತಿ ಜೋಪಾನವಾಗಿ ತಂದ ಮಲ್ಲಿಗೆಯನ್ನು ಮುಡಿದು ಬಂದಿದ್ದ ವಿಮಲಾ ಬಾಗಿಲಲ್ಲೇ ಅದನ್ನು ತೆಗೆದು ಪರ್ಸಿನೊಳಗೆ ಹಾಕಿಕೊಂಡಳು. ವಿಮಾನ ನಿಲ್ದಾಣದಲ್ಲಿ ಅದೇ ಮಲ್ಲಿಗೆಯನ್ನು ಕಸ್ಟಮ್ಸಿನವನು ಮೂಸಿ ನೋಡಿ, ಕಣ್ಣು ಮುಚ್ಚಿ, ಒಂದು ತುಂಡು ಕೇಳಿ ಪಡೆದು ಕಿಸೆಗೆ ಹಾಕಿಕೊಂಡಿದ್ದ. ಸರಕಾರ ಬಿಟ್ಟ ಹೂವಿಗೆ ನಮ್ಮ ಸಭೆಯಲ್ಲಿ ಪ್ರವೇಶವಿರಲಿಲ್ಲ.

ಊಟ ಮುಗಿದ ಮೇಲೆ ಆನಂದರಾಯರು ಕೈ ತೊಳೆದು ಬಂದು, ಈ ಸಲದ ಕ್ರಿಸ್ಮಸ್ ಕಾರ್ಯಕ್ರಮದ ವಿಷಯ ತೆಗೆದರು.

"ಕುರುಬರು, ಒಂಟೆ, ಮೂವರು ಜ್ಞಾನಿಗಳು, ಇದೆಲ್ಲ ಮಕ್ಕಳಾಟಿಕೆ. ಈ ವರ್ಷ ನಮ್ಮ ಮಕ್ಕಳು ಪ್ಯೂರಿಟನ್ ಮಹನೀಯರನ್ನು ಸಭೆಗೆ ಪರಿಚಯಿಸಬೇಕು. ಪಾತ್ರ ಹಂಚಿಕೆ ಆಗಿದೆ."

ಪ್ಯೂರಿಟನ್ನರು ಎಂದರೆ ಸುಮಾರು ನಾಲ್ಕು ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿದ್ದ ಕಟ್ಟುನಿಟ್ಟಿನ ಪಂಗಡದವರು. ಧರ್ಮವನ್ನು ತೊಳೆದು ಶುಚಿ ಮಾಡುತ್ತೇವೆಂದು ಹೊರಟು, ಬಣ್ಣವನ್ನೂ ತೊಳೆದವರು. ರಾಯರು ಅವರ ಇಂಗ್ಲಿಷ್ ಹೆಸರುಗಳನ್ನೆಲ್ಲ ಹೇಳಿದರು. ನನ್ನ ತಲೆಯಲ್ಲಿ ಉಳಿದದ್ದು ಅವರವರ ಸಾಧನೆ ಮಾತ್ರ. ಒಬ್ಬ ದಂಡನಾಯಕ, ರಾಜನ ತಲೆ ತೆಗೆಸಿ ತಾನೇ ಆಳಿದವನು. ಅವನ ಕಾಲದಲ್ಲಿ ನಾಟಕಶಾಲೆಗಳಿಗೆ ಬಾಗಿಲು ಬಿತ್ತು, ಕ್ರಿಸ್ಮಸ್ ಹಬ್ಬವೂ ನಿಷಿದ್ಧವಾಯಿತು. ಸತ್ತ ಮೇಲೆ ಜನ ಅವನನ್ನು ಗುಂಡಿಯಿಂದ ಎತ್ತಿ ಹೆಣವನ್ನೇ ಗಲ್ಲಿಗೆ ಹಾಕಿದರಂತೆ. ಪ್ರೀತಿ ಅಷ್ಟಿತ್ತು. ಇನ್ನೊಬ್ಬ ವಕೀಲ, ನಾಟಕ ನೋಡುವುದು ಪಾಪವೆಂದು ಸಾವಿರ ಪುಟ ಬರೆದು, ಅದಕ್ಕೆ ಬಹುಮಾನವಾಗಿ ಕಿವಿ ಕತ್ತರಿಸಿಕೊಂಡವನು. ಮತ್ತೊಬ್ಬ ಚರ್ಮದ ವ್ಯಾಪಾರಿ, ಹೆಸರಿನ ಬದಲು 'ದೇವರನ್ನು ಸ್ತುತಿಸು' ಎಂಬ ಇಡೀ ವಾಕ್ಯವನ್ನೇ ಇಟ್ಟುಕೊಂಡವನು. ಹಡಗು ಹತ್ತಿ ಅಮೆರಿಕಕ್ಕೆ ಹೋದವರ ಕಡೆಯ ಒಬ್ಬ ನ್ಯಾಯಾಧೀಶ, ಮಾಟಗಾತಿಯರೆಂದು ಅಮಾಯಕರನ್ನು ಗಲ್ಲಿಗೇರಿಸಿ, ವರ್ಷಗಳ ಮೇಲೆ ಚರ್ಚಿನಲ್ಲಿ ಎಲ್ಲರೆದುರು ಎದ್ದು ನಿಂತು ತಪ್ಪೊಪ್ಪಿಕೊಂಡವನು.

"ಕ್ರಿಸ್ಮಸ್ ನಿಲ್ಲಿಸಿದವರ ಬಗ್ಗೆ ಕ್ರಿಸ್ಮಸ್‌ಗೆ ಕಾರ್ಯಕ್ರಮವಾ?" ಎಂದ ಸುಕುಮಾರ, ಮೆಲ್ಲಗೆ.

"ಆಡಂಬರ ನಿಲ್ಲಿಸಿದವರು, ಸುಕುಮಾರ. ಆಡಂಬರ."

"ಅಲ್ಲ ಇವರೇ," ಎಂದರು ಸುಶೀಲಕ್ಕ, ಮೇಜು ಒರೆಸುತ್ತ, "ನಾಟಕ ಬೇಡ ಅಂತ ಕಿವಿ ಕಳಕೊಂಡವನನ್ನು ನೀವು ನಾಟಕ ಮಾಡಿ ತೋರಿಸ್ತೀರಾ?"

"ನಾಟಕವಲ್ಲ. ಜೀವಂತ ಉಪದೇಶ."

"ವೇಷ ಉಂಟಲ್ಲ?"

"ವೇಷವಲ್ಲ. ಉಡುಪು."

ಸುಶೀಲಕ್ಕ ಮೇಜು ಒರೆಸುವುದನ್ನು ಮುಂದುವರಿಸಿದರು. ಅದು ಕೆಲಸದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಕೇಳುವ ಆಸೆಯಾಯಿತು. ಅತಿಥಿಯಾದ್ದರಿಂದ ನುಂಗಿಕೊಂಡೆ.

ಖೈತಾನ್‌ಗೆ ಹಿಂತಿರುಗುವ ದಾರಿ

ತಂಗಿಯ ಮನೆ ಖೈತಾನ್‌ನಲ್ಲಿ. ಕಾರಿನಲ್ಲಿ ಹೋಗುವಾಗ ನಾನು ನಗುತ್ತಲೇ ಇದ್ದೆ. ವಿಮಲಾ ನಗಲಿಲ್ಲ.

"ನಿಮಗೆ ತಮಾಷೆ ಅಣ್ಣ. ಜನವರಿಯಲ್ಲಿ ಆವರಣದ ಕಮಿಟಿ ಕೂತುಕೊಳ್ಳಲಿಕ್ಕುಂಟು. ನಮ್ಮ ಕೋಣೆ, ನಮ್ಮ ಸಮಯ ಫಿಲಿಪ್ಪೀನಿನವರಿಗೆ ಬೇಕಂತೆ. ಅವರ ಜನ ಮೆಟ್ಟಿಲ ಮೇಲೆ ಕೂತು ಪ್ರಾರ್ಥನೆ ಮಾಡ್ತಾರೆ. ನಮ್ಮಲ್ಲಿ ಕುರ್ಚಿಗಳು ಪ್ರಾರ್ಥನೆ ಮಾಡ್ತಾವೆ. ಕ್ರಿಸ್ಮಸ್ ದಿನವೂ ಕೋಣೆ ಖಾಲಿ ಇದ್ರೆ ಖಲಾಸ್, ಕನ್ನಡ ಆರಾಧನೆಯೇ ಇರುವುದಿಲ್ಲ."

"ಬೇರೆ ಸಮಯ ಕೊಡುವುದಿಲ್ಲವಾ?"

"ಕೊಡ್ತಾರೆ. ಡ್ಯೂಟಿ ಇರುವ ದಿನ, ಡ್ಯೂಟಿ ಇರುವ ಹೊತ್ತಿಗೆ. ಯಾರು ಬರ್ತಾರೆ?"

ವಿಮಲಾ ಆಸ್ಪತ್ರೆಯಲ್ಲಿ ನರ್ಸ್. ವಾರವಿಡೀ ಅರಬ್ಬೀ, ಇಂಗ್ಲಿಷ್, ಹಿಂದಿಯಲ್ಲಿ ಜ್ವರ ಅಳೆದು, ಶುಕ್ರವಾರ ಒಂದು ಹೊತ್ತು ಅಜ್ಜಿ ಕಲಿಸಿದ ಕೀರ್ತನೆಗಳನ್ನು ಅಜ್ಜಿಯ ಭಾಷೆಯಲ್ಲಿ ಹಾಡುವುದು ಅವಳಿಗೆ ಉಳಿದಿದ್ದ ಒಂದೇ ಊರು. ಆ ಊರು ಕೈತಪ್ಪುವುದರಲ್ಲಿತ್ತು.

"ಜನ ಯಾಕೆ ಬಿಟ್ಟರು?"

"ಯಾಕೆ ಅಂದ್ರೆ? ಮಕ್ಕಳು ನೆಲದ ಮೇಲೆ ಕೂತ್ರೆ ಬೈಗುಳ. ಹೂ ಮುಡಿದ್ರೆ ಬೈಗುಳ. ಯಾರದ್ದೋ ಮದುವೆ ದಿನ ಅಂತ ಒಂದು ತುಂಡು ಕೇಕ್ ಕೊಟ್ಟದ್ದಕ್ಕೆ ಇಡೀ ಉಪದೇಶ ಹೊಟ್ಟೆಬಾಕತನದ ಮೇಲೆ. ಬರುವವರೇ ಬೇರೆ ಕಡೆ ಬಾಗಿಲು ನೋಡಿದ್ರು."

"ಅವರಿಗೆ ಹೇಳಬಾರದಾ?"

"ನೀವೇ ಹೇಳಿ. ಊರಿಂದ ಬಂದವರಿಗೆ ಮರ್ಯಾದೆ ಕೊಡ್ತಾರೆ."

ಹಿಂದಿನ ಸೀಟಿನಿಂದ ಶೆರಿನ್, "ಮಾಮ, ಹಿ ಮೇಡ್ ಮಿ ಎ ಸೋಲ್ಜರ್," ಎಂದಳು. ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಉತ್ತರಿಸುವುದು ಅಲ್ಲಿನ ಮಕ್ಕಳ ಪದ್ಧತಿ. ಕ್ರಿಸ್ಮಸ್ ದಿನ ಲಂಡನ್ನಿನ ಮನೆಮನೆಗೆ ನುಗ್ಗಿ ಹಬ್ಬದಡುಗೆಯನ್ನು ವಶಪಡಿಸಿಕೊಳ್ಳುವ ಸೈನಿಕರ ತುಕಡಿಗೆ ಅವಳು ನಾಯಕಿಯಂತೆ. ಕುರಿಮರಿಯ ಪಾತ್ರಕ್ಕಿಂತ ಇದು ಸಾವಿರ ಪಾಲು ಮೇಲು ಎಂದು ಅವಳ ಅಭಿಪ್ರಾಯ.

ಶುವೈಖ್: ಭಾನುವಾರದ ಚಹಾ

ಆನಂದರಾಯರ ಕೆಲಸ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಒಂದು ಸ್ಪೇರ್ ಪಾರ್ಟ್ಸ್ ಗೋದಾಮಿನಲ್ಲಿ. ಅಲ್ಲೇ ಪಕ್ಕದ ವರ್ಕ್‌ಶಾಪಿನ ಆಫೀಸಿನಲ್ಲಿ ಸುಕುಮಾರ. ಭಾನುವಾರ ನಾನು ಅವನ ಜೊತೆ ಹೊರಟೆ, ಊರಿಂದ ಬಂದವನ ಮರ್ಯಾದೆಯನ್ನು ಒಂದು ಕೈ ನೋಡಿಯೇ ಬಿಡುವುದೆಂದು.

ಶುವೈಖ್‌ನಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಕಾರಿನ ಅಂಗಾಂಗಗಳು. ನಮ್ಮ ಮೀನು ಮಾರುಕಟ್ಟೆಯಲ್ಲಿ ಬಂಗುಡೆ ಜೋಡಿಸಿದ ಹಾಗೆ ಬಾಗಿಲು, ಬಂಪರು, ಕನ್ನಡಿ ಜೋಡಿಸಿಟ್ಟಿದ್ದಾರೆ. ಚೌಕಾಸಿಯೂ ಅದೇ ದನಿಯಲ್ಲಿ ನಡೆಯುತ್ತದೆ.

ಗೋದಾಮಿನಲ್ಲಿ ರಾಯರು ಸಬ್ಬತ್ ಆಚರಿಸುತ್ತಿದ್ದರು. ಕೆಲಸ ಬಿಡುವಂತಿಲ್ಲ, ಇಕಾಮಾ ಎಂಬ ವಾಸದ ಪರವಾನಗಿ ಕಂಪನಿಯ ಕೈಯಲ್ಲಿ. ಹಾಗಾಗಿ ಕೆಲಸದೊಳಗಿನ ಸುಖವನ್ನೆಲ್ಲ ತೆಗೆದುಹಾಕಿ ಬರೀ ಕೆಲಸವನ್ನು ಉಳಿಸಿಕೊಂಡಿದ್ದರು. ಭಾನುವಾರ ಅವರು ಚಹಾ ಕುಡಿಯುವುದಿಲ್ಲ, ಕುರ್ಚಿಗೆ ಒರಗುವುದಿಲ್ಲ, ಕೇಳಿದ್ದಕ್ಕೆ ಹೌದು ಇಲ್ಲ ಬಿಟ್ಟು ಮಾತಿಲ್ಲ. ಜೊತೆಗೆ ಕೆಲಸ ಮಾಡುವ ಪಾಕಿಸ್ತಾನದ ಮುದುಕನೊಬ್ಬ ನನ್ನ ಕಿವಿಯಲ್ಲಿ, "ಭಾಯಿ, ಹರ್ ಇತವಾರ್ ಇನ್ ಕೋ ಕ್ಯಾ ಹೋತಾ ಹೈ?" ಎಂದ. ಪ್ರತಿ ಭಾನುವಾರ ಇವರಿಗೆ ಏನಾಗುತ್ತದೆ, ಮನೆಯಲ್ಲಿ ಜಗಳವೇ ಎಂದು ವಿಚಾರಿಸಿದ. ಪ್ರತಿ ಭಾನುವಾರ ಆತ ರಾಯರ ಪಾಲಿನ ಚಹಾವನ್ನೂ ತಾನೇ ಕುಡಿದು ಅವರಿಗಾಗಿ ದುವಾ ಮಾಡುತ್ತಿದ್ದನಂತೆ.

ನಾನು ಮಾತು ತೆಗೆದೆ. "ಆನಂದಣ್ಣ, ಕ್ರಿಸ್ಮಸ್‌ಗೆ ಒಂದು ನಕ್ಷತ್ರವಾದರೂ ಕಟ್ಟಬಹುದಲ್ಲ?"

"ಇಲ್ಲ."

"ಕೊನೆಗೆ ಒಂದು ತುಂಡು ಕೇಕ್? ಜನ ಬರ್ತಾರೆ."

"ಇಲ್ಲ."

"ಜನವೇ ಇಲ್ಲದಿದ್ರೆ ಕೋಣೆ ಹೋಗ್ತದಂತೆ."

ಇಲ್ಲಿ ಅವರು ಸಬ್ಬತ್ ಮುರಿದರು. "ಆ ಕೋಣೆ ತಂದದ್ದು ಯಾರು ಗೊತ್ತುಂಟಾ ನಿಮಗೆ? ಇರಾಕಿನವರು ಬಂದು ಹೋದ ಮೇಲೆ ನಾವು ತಿರುಗಿ ಬಂದಾಗ ಕನ್ನಡದವರಿಗೆ ನಿಲ್ಲಲಿಕ್ಕೆ ಜಾಗ ಇರಲಿಲ್ಲ. ನಾನು ಕಮಿಟಿಯ ಬಾಗಿಲಲ್ಲಿ ದಿನಗಟ್ಟಲೆ ನಿಂತಿದ್ದೇನೆ. ನಮ್ಮವರು ಶಿಸ್ತಿನವರು, ನಮ್ಮಿಂದ ಒಂದು ಕಲೆ, ಒಂದು ಸದ್ದು, ಒಂದು ದೂರು ಬರುವುದಿಲ್ಲ ಅಂತ ನಾಲಿಗೆ ಕೊಟ್ಟು ತಂದದ್ದು. ಇವತ್ತಿನವರೆಗೆ ಬಂದಿಲ್ಲ. ಶಿಸ್ತು ಹೋದ ದಿನ ಕೋಣೆ ಹೋಗ್ತದೆ, ಜನ ಹೋದ ದಿನ ಅಲ್ಲ."

ಹೇಳಿ, ಒಂದು ಫ್ಯಾನ್ ಬೆಲ್ಟ್ ಎತ್ತಿಕೊಂಡು ಒಳಗೆ ನಡೆದರು. ಊರಿಂದ ಬಂದವನ ಮರ್ಯಾದೆ ಅಲ್ಲಿಗೆ ಮುಗಿಯಿತು. ಆದರೆ ಆ ಮನುಷ್ಯ ಆ ಕೋಣೆಯನ್ನು ನನ್ನ ತಂಗಿಯಷ್ಟೇ ಪ್ರೀತಿಸುತ್ತಾನೆ, ತನ್ನ ಪ್ರೀತಿಯಿಂದಲೇ ಅದನ್ನು ಉಸಿರುಗಟ್ಟಿಸುತ್ತಿದ್ದಾನೆ ಎಂದು ಅಂದು ನನಗೆ ಗೊತ್ತಾಯಿತು. ಗೊತ್ತಾಗಿ ಮಾಡುವುದೇನು? ಸುಕುಮಾರ ತರಿಸಿದ ಚಹಾ ಕುಡಿದೆ.

ಖೈತಾನ್: ಕಪ್ಪು ಬಟ್ಟೆ

ಪ್ಯೂರಿಟನ್ ಮಹನೀಯರಿಗೆ ಕಪ್ಪು ನಿಲುವಂಗಿ ಬೇಕು, ಬಿಳಿ ಕಾಲರ್ ಬೇಕು, ಎತ್ತರದ ಕಪ್ಪು ಟೊಪ್ಪಿ ಬೇಕು. ಟೊಪ್ಪಿಗೆ ರಟ್ಟು, ಕಾಲರಿಗೆ ಆಸ್ಪತ್ರೆಯ ಹಳೆಯ ಬೆಡ್‌ಶೀಟ್ ಎಂದು ವಿಮಲಾ ತೀರ್ಮಾನಿಸಿದ್ದಳು. ನಿಲುವಂಗಿಯ ಚಿಂತೆಯೇ ಬೇಡ. ಕುವೈತಿನಲ್ಲಿ ಕಪ್ಪು ನಿಲುವಂಗಿಗೆ ಬರಗಾಲವೇ?

ಖೈತಾನ್‌ನಲ್ಲಿ ಬಂಟ್ವಾಳ ಕಡೆಯ ಹಮೀದ್ ಎಂಬವರ ಅಂಗಡಿ. ಕರಾವಳಿಯ ಮುಸ್ಲಿಮರಾದ ಬ್ಯಾರಿಗಳು. ಹೆಂಗಸರು ಮೈಮೇಲೆ ಹಾಕಿಕೊಳ್ಳುವ ಅಬಾಯಾಗಳನ್ನು ನೆಲದಿಂದ ಸೂರಿನವರೆಗೆ ನೇತುಹಾಕಿದ್ದರು. ನಮ್ಮನ್ನು ಕಂಡೊಡನೆ, "ಬನ್ನಿ ಸಿಸ್ಟರ್, ಇದು ಅಣ್ಣನಾ? ಊರಲ್ಲಿ ಮಳೆ ಎಂತ?" ಎಂದು ಡಿಸೆಂಬರಿನಲ್ಲಿ ಮಳೆ ವಿಚಾರಿಸಿದರು. ಕರಾವಳಿಯವರು ಎಲ್ಲಿದ್ದರೂ ಮೊದಲು ಮಳೆ, ಆಮೇಲೆ ಆರೋಗ್ಯ.

"ಮಕ್ಕಳ ಅಳತೆಯ ಅಬಾಯಾ ಬೇಕಿತ್ತು ಹಮೀದ್ ಭಾಯಿ. ಒಂದಷ್ಟು. ಹುಡುಗರಿಗೂ."

ಹಮೀದರ ಮುಖ ಗಂಭೀರವಾಯಿತು. "ಹುಡುಗರಿಗೆ? ಯಾರಾದ್ರೂ ತೀರಿಕೊಂಡ್ರಾ?"

"ಇಲ್ಲ, ಕ್ರಿಸ್ಮಸ್ ಪ್ರೋಗ್ರಾಮ್."

"ಕ್ರಿಸ್ಮಸ್‌ಗೆ ಕೆಂಪು ಅಲ್ವಾ ಸಿಸ್ಟರ್? ಟಿವಿಯಲ್ಲಿ ತೋರಿಸ್ತಾರೆ, ಬಿಳಿ ಗಡ್ಡದ ಮುದುಕ."

"ಇದು ಅವನನ್ನು ಓಡಿಸಿದವರ ಕಥೆ."

ಹಮೀದರು ನನ್ನ ಕಡೆ ತಿರುಗಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ದಂಡನಾಯಕ, ಕಿವಿ ಹೋದ ವಕೀಲ, ಹಾಡು ಬೇಡ, ಹೂ ಬೇಡ, ಹಬ್ಬ ಬೇಡ. ಅವರು ಪೂರ್ತಿ ಕೇಳಿ, ಕೌಂಟರಿಗೆ ಮೊಣಕೈ ಊರಿ, "ಅರೇ ಮಾರಾಯ್ರೆ, ಇಂಥವರು ನಿಮ್ಮಲ್ಲೂ ಇದ್ದಾರಾ?" ಎಂದರು. ಅವರ ದನಿಯಲ್ಲಿ ಎಂಥಾ ಸಮಾಧಾನ! "ನಮ್ಮ ರೂಮಲ್ಲಿ ಒಬ್ಬರಿದ್ದಾರೆ. ಕೇರಮ್ ಆಡ್ಲಿಕ್ಕೆ ಬಿಡುವುದಿಲ್ಲ. ಹಿಂದಿ ಹಾಡು ಹಾಕಿದ್ರೆ ಟೇಪ್‌ರೆಕಾರ್ಡರ್ ತಲೆ ಮೇಲೆ ತಲೆದಿಂಬು ಇಡ್ತಾರೆ. ನಾನು ನಮಗೆ ಮಾತ್ರ ಈ ಕಾಯಿಲೆ ಅಂತ ತಿಳ್ಕೊಂಡಿದ್ದೆ."

ಹೊಲಿಗೆಯಲ್ಲಿ ಸ್ವಲ್ಪ ಓರೆಯಾಗಿ ಮೂಲೆಗೆ ಬಿದ್ದಿದ್ದ ಅಬಾಯಾಗಳನ್ನೆಲ್ಲ ಆರಿಸಿ, "ಹಬ್ಬ ಮುಗಿಸಿ ವಾಪಸ್ ತಂದು ಕೊಡಿ," ಎಂದು ಚೀಲಕ್ಕೆ ತುಂಬಿಸಿದರು. ಅವುಗಳಲ್ಲಿ ದೊಡ್ಡವರ ಅಳತೆಯ ಒಂದರ ತೋಳಿನಲ್ಲಿ ಬೆಳ್ಳಿ ಮಣಿಗಳ ಕಸೂತಿ ಇತ್ತು. ಅದು ದಂಡನಾಯಕನಿಗೆ ಇರಲಿ ಎಂದಳು ವಿಮಲಾ. ದಂಡನಾಯಕನ ಪಾತ್ರ ವಹಿಸಲು ಯಾವ ಹುಡುಗನೂ ಅಷ್ಟು ಕನ್ನಡ ಬಾಯಿಪಾಠ ಮಾಡಲಾರದೆ ಹೋದದ್ದರಿಂದ, ಸ್ವತಃ ಆನಂದರಾಯರೇ ಒಪ್ಪಿಕೊಂಡಿದ್ದರು. ನಾಟಕವಲ್ಲವಲ್ಲ, ಒಪ್ಪಿಕೊಳ್ಳಲು ಅಡ್ಡಿಯೇನು?

ನಗರ: ಹಬ್ಬದ ಶುಕ್ರವಾರ

ಹಬ್ಬದ ಆರಾಧನೆಗೆ ಹೆಂಗಸರೆಲ್ಲ ದೊಡ್ಡ ದೊಡ್ಡ ಚೀಲಗಳೊಡನೆ ಬಂದಿದ್ದರು. ಪ್ರತಿವರ್ಷದ ಪದ್ಧತಿ ಅದು. ಕೋಣೆಯೊಳಗೆ ತಿಂಡಿ ನಿಷಿದ್ಧ. ಆರಾಧನೆ ಮುಗಿದ ಮೇಲೆ ಹೊರಗಿನ ಕಾರು ನಿಲ್ಲಿಸುವ ಜಾಗದಲ್ಲಿ, ಡಿಕ್ಕಿಗಳ ಮರೆಯಲ್ಲಿ, ಕಳ್ಳಮಾಲು ಹಂಚುವವರ ಹಾಗೆ ಅತ್ತಿತ್ತ ನೋಡುತ್ತ ಡಬ್ಬಿಗಳನ್ನು ತೆರೆಯುತ್ತಾರೆ. ಚಕ್ಕುಲಿ, ಕರಿಗಡುಬಿನಂಥ ನೆವ್ರಿ, ಅಕ್ಕಿ ಉಂಡೆ, ಕೇಕ್. ಹಬ್ಬ ನಡೆಯುವುದು ಅಲ್ಲಿ. ಒಳಗೆ ನಡೆಯುವುದು ಆರಾಧನೆ.

ವಿಮಲಾ ಒಬ್ಬೊಬ್ಬರಿಗೂ ಫೋನ್ ಮಾಡಿ ಕಾಡಿದ್ದರಿಂದ ಅಂದು ಕೋಣೆಯ ಅರ್ಧ ತುಂಬಿತ್ತು. ಇನ್ನರ್ಧವನ್ನು ಖಾಲಿ ಕುರ್ಚಿಗಳು ತುಂಬಿದ್ದವು. ಬಾಗಿಲ ಬಳಿ ಆವರಣದ ಮೇಲ್ವಿಚಾರಕ, ಸಮೀರ್ ಎಂಬ ಈಜಿಪ್ಟಿನ ಹಿರಿಯ, ಎದೆಗೆ ಕೈ ಕಟ್ಟಿ ನಿಂತಿದ್ದ. ಯಾವ ಸಭೆಗೆ ಎಷ್ಟು ಜನ ಬರುತ್ತಾರೆಂದು ಕಮಿಟಿಗೆ ಹೇಳುವವನು ಅವನೇ. ಅವನ ಕಣ್ಣು ಖಾಲಿ ಕುರ್ಚಿಗಳ ಮೇಲೆ ಹೋದಾಗಲೆಲ್ಲ ವಿಮಲಾಳ ಕೈ ಸೆರಗಿನ ಅಂಚನ್ನು ತಿರುಚುತ್ತಿತ್ತು.

ಮೊದಲು ಕಿವಿ ಹೋದ ವಕೀಲ ಬಂದ. ತಲೆಗೆ ವಿಮಲಾಳ ಆಸ್ಪತ್ರೆಯ ಬ್ಯಾಂಡೇಜು. ಮೂರು ವಾಕ್ಯ ಹೇಳಿ ನಾಲ್ಕನೆಯದನ್ನು ಮರೆತು ಹೋದ. ವಾಕ್ಯದ ಹೆಸರಿನ ವ್ಯಾಪಾರಿ ತನ್ನ ಹೆಸರನ್ನೇ ಪೂರ್ತಿ ಹೇಳಲಾರದೆ ಅತ್ತ. ನ್ಯಾಯಾಧೀಶ ತಪ್ಪೊಪ್ಪಿಕೊಳ್ಳಲು ಎದ್ದು ನಿಂತ, ಅಬಾಯಾ ಕಾಲಿಗೆ ತೊಡರಿ ಬಿದ್ದ, ಬಿದ್ದಲ್ಲಿಂದಲೇ ಒಪ್ಪಿಕೊಂಡ. ಸಭೆ ಹಲ್ಲು ಕಚ್ಚಿಕೊಂಡು ಕೂತಿತ್ತು. ನಗುವುದು ರೂಢಿ ತಪ್ಪಿಹೋಗಿತ್ತಲ್ಲ.

ಆಮೇಲೆ ದಂಡನಾಯಕ. ಎತ್ತರದ ರಟ್ಟಿನ ಟೊಪ್ಪಿ, ಬೆಡ್‌ಶೀಟಿನ ಕಾಲರ್, ತೋಳಿನಲ್ಲಿ ಮಿನುಗುವ ಬೆಳ್ಳಿ ಮಣಿ. ಆನಂದರಾಯರು ಸಭೆಯ ನಡುವೆ ನಿಂತು, ತಮ್ಮ ಎಂದಿನ ದನಿಯಲ್ಲೇ ಗರ್ಜಿಸಿದರು.

"ಇಂದಿನಿಂದ ಈ ದೇಶದಲ್ಲಿ ಹಬ್ಬ ಇಲ್ಲ! ಹಾಡು ಇಲ್ಲ! ಹೂವಿಲ್ಲ! ಭಕ್ಷ್ಯಗಳಿಲ್ಲ!"

ಹಿಂದಿನ ಸಾಲಿನಿಂದ ಯಾರೋ, "ಇಷ್ಟು ವರ್ಷ ಇತ್ತಾ?" ಎಂದರು.

ಅಷ್ಟೇ. ಒಂದು ಮೂಲೆಯಲ್ಲಿ ಹೊರಟ ನಗು ಸಾಲಿನಿಂದ ಸಾಲಿಗೆ ಹರಡಿತು. ರಾಯರು ಕಣ್ಣು ಬಿಟ್ಟು ನೋಡಿದರು. ನೋಡಿದಷ್ಟೂ ನಗು ಹೆಚ್ಚಿತು. ಅವರು ದನಿ ಏರಿಸಿದರು. "ಸೈನಿಕರೇ! ಮನೆಮನೆಗೆ ಹೋಗಿರಿ! ಒಲೆಯ ಮೇಲಿನ ಅಡುಗೆಯನ್ನು ವಶಪಡಿಸಿಕೊಳ್ಳಿರಿ!"

ರಿಹರ್ಸಲಿನಲ್ಲಿ ಇದಕ್ಕೆ ಖಾಲಿ ತಟ್ಟೆಗಳನ್ನು ಇಟ್ಟಿದ್ದರು. ಆದರೆ ಶೆರಿನ್‌ಳ ತುಕಡಿಗೆ ಖಾಲಿ ತಟ್ಟೆಯ ಅಗತ್ಯವೇ ಬೀಳಲಿಲ್ಲ. ಯಾವ ಆಂಟಿಯ ಚೀಲದಲ್ಲಿ ಏನಿದೆ ಎಂದು ಆ ಮಕ್ಕಳಿಗೆ ವರ್ಷಗಳ ಅನುಭವದಿಂದ ಗೊತ್ತಿತ್ತು. ಕಪ್ಪು ಅಬಾಯಾಗಳು ಕುರ್ಚಿಗಳ ನಡುವೆ ನುಗ್ಗಿದವು.

"ಅಂಕಲ್, ನೆವ್ರಿ ಹಿಯರ್!"

"ಜನರಲ್, ದಿಸ್ ಆಂಟಿ ಈಸ್ ಹೈಡಿಂಗ್ ಕೇಕ್!"

"ಬಿಡು ಮಗಾ, ಅದು ನಿನ್ನ ಅಪ್ಪನಿಗೆ ಇಟ್ಟದ್ದು!"

"ಯು ಆರ್ ಅಂಡರ್ ಅರೆಸ್ಟ್, ಆಂಟಿ!"

ಎಳೆದಾಟದಲ್ಲಿ ಒಂದು ದೊಡ್ಡ ಡಬ್ಬಿ ಕೈ ಜಾರಿತು. ಚಕ್ಕುಲಿ, ಉಂಡೆ, ಕೇಕಿನ ಚೂರು ನೆಲದ ತುಂಬ ಚೆಲ್ಲಾಡಿದವು. ಹೊರಗೆ ತಮ್ಮ ಸರದಿಗೆ ಕಾಯುತ್ತಿದ್ದ ಫಿಲಿಪ್ಪೀನಿನವರು ಸದ್ದು ಕೇಳಿ ಬಾಗಿಲಿಗೆ ಬಂದು ಇಣುಕಿದರು.

ಟೊಪ್ಪಿಯ ಸಮೇತ ರಾಯರು ನೆಲಕ್ಕೆ ಮೊಣಕಾಲೂರಿ ಅಂಗೈಯಲ್ಲಿ ಚೂರುಗಳನ್ನು ಬಾಚತೊಡಗಿದರು. ನಗು ಥಟ್ಟನೆ ನಿಂತಿತು. ಅವರು ತಲೆಯೆತ್ತಿ ಬಾಗಿಲಲ್ಲಿದ್ದ ಸಮೀರನನ್ನು ನೋಡಿ, ಗೋದಾಮಿನ ಹಿಂದಿಯಲ್ಲಿ, "ಮಾಫ್ ಕರೋ, ಸಮೀರ್. ಅಭೀ ಸಾಫ್ ಕರೇಗಾ. ಕಾರ್ಪೆಟ್ ಕೋ ಕುಛ್ ನಹೀ ಹೋಗಾ," ಎಂದು, ಈಗಲೇ ಶುಚಿ ಮಾಡುತ್ತೇನೆ, ಕಾರ್ಪೆಟಿಗೆ ಏನೂ ಆಗದು ಎಂದು ಬೇಡಿಕೊಂಡರು.

ಸಮೀರ್ ಹುಬ್ಬು ಗಂಟಿಕ್ಕಿದ. "ಕಾರ್ಪೆಟ್? ಕೌನ್ಸಾ ಕಾರ್ಪೆಟ್?"

ನಾವೆಲ್ಲ ನೆಲ ನೋಡಿದೆವು. ಬೂದು ಬಣ್ಣದ ಟೈಲ್ಸ್. ನಮ್ಮೂರಿನ ಬಸ್ ನಿಲ್ದಾಣದಲ್ಲಿರುವಂಥದು.

"ಕಾರ್ಪೆಟ್ ಖಲಾಸ್! ಬಹುತ್ ಸಾಲ್ ಪಹಲೇ!" ಸಮೀರ್ ಕೈ ಜಾಡಿಸಿದ. "ಇಲಿ ಕಡಿದು ನಾವೇ ಬಿಸಾಡಿದೆವು. ನಿನಗೆ ಹೇಳಿರಲಿಲ್ಲವೇ?" ಎಂದು ಮುಂದಿನದನ್ನು ಅರ್ಧ ಹಿಂದಿ, ಅರ್ಧ ಅರಬ್ಬಿಯಲ್ಲಿ ಹೇಳಿ ಮುಗಿಸಿದ.

ಉಳಿದದ್ದನ್ನು ಹೇಳಿದವರು ಸುಶೀಲಕ್ಕ. ಮೊದಲ ಸಾಲಿನಿಂದ ಎದ್ದು, ಯಾರಿಗೂ ನಿರ್ದಿಷ್ಟವಾಗಿ ಅಲ್ಲದೆ, ಎಲ್ಲರಿಗೂ ಕೇಳುವ ಹಾಗೆ. "ಅರಬ್ಬೀ ಸಭೆಯವರದ್ದು ಒಂದು ಕೆಂಪು ಕಾರ್ಪೆಟ್ ಇತ್ತು ಮಾರಾಯ್ತಿ ಇಲ್ಲಿ. ಕೋಣೆ ಕೊಡುವಾಗ ಕಮಿಟಿಯವರು ಅದಕ್ಕೆ ಹೆದರಿದ್ರು. ತಿಂಡಿ ಬೀಳಬಾರದು, ಹೂವಿನ ಎಸಳು ಬಿದ್ರೆ ಕಲೆ ಆಗ್ತದೆ, ಮಕ್ಕಳು ಕೂತ್ರೆ ಮೂತ್ರ ಮಾಡ್ತಾವೆ. ಪಕ್ಕದ ಕೋಣೆಗೆ ಆಗ ಗೋಡೆ ಇರಲಿಲ್ಲ, ಹಲಗೆ ಅಷ್ಟೇ. ಅದಕ್ಕೆ ತಬಲಾ ಬೇಡ, ಚಪ್ಪಾಳೆ ಬೇಡ. ಇವರು ಹೂಂ ಅಂದ್ರು. ಆ ಪ್ಯೂರಿಟನ್ ಮಹನೀಯರ ಪುಸ್ತಕ ಇವರಿಗೆ ಸಿಕ್ಕಿ ಅದೆಲ್ಲ ಪಾಪ ಆದದ್ದು ಅದಾಗಿ ಎಷ್ಟೋ ವರ್ಷದ ಮೇಲೆ."

ಹೊಟ್ಟೆಬಾಕತನದ ಮೇಲಿನ ಉಪದೇಶ, ಹೂವಿನ ಆಡಂಬರದ ಮೇಲಿನ ಉಪದೇಶ, ವಾದ್ಯಗಳ ಮೋಹದ ಮೇಲಿನ ಉಪದೇಶ, ಒಂದೊಂದನ್ನೂ ಒಂದೊಂದು ಗಂಟೆ ಕೇಳಿದ ಜನ ಆ ಬೂದು ಟೈಲ್ಸ್ ನೋಡುತ್ತ ಕೂತರು. ಇಲಿ ತಿಂದ ಕಾರ್ಪೆಟನ್ನು ಅವರು ಇಷ್ಟು ವರ್ಷ ಆರಾಧಿಸಿದ್ದರು.

ರಾಯರು ಇನ್ನೂ ಮೊಣಕಾಲೂರಿಯೇ ಇದ್ದರು. ಅಂಗೈಯಲ್ಲಿ ಮುರಿಯದೆ ಉಳಿದ ಒಂದು ನೆವ್ರಿ. ಅದನ್ನೇ ನೋಡುತ್ತಿದ್ದರು. ಅವರು ಎದ್ದು ಹೊರಗೆ ನಡೆದುಬಿಟ್ಟರೆ ಆ ಸಭೆ ಅಂದೇ ಮುಗಿಯಿತೆಂದು ವಿಮಲಾಳ ಮುಖ ಹೇಳುತ್ತಿತ್ತು. ಅವಳು ಅವರ ಬಳಿ ಹೋಗಿ ಕೈ ಹಿಡಿದು ಎಬ್ಬಿಸಿದಳು.

"ಆನಂದಣ್ಣ, ಉಪದೇಶ ಮುಂದುವರಿಸಿ. ಮಕ್ಕಳು ಕಾಯ್ತಾ ಇದ್ದಾರೆ."

ಮಕ್ಕಳು ನಿಜಕ್ಕೂ ಕಾಯುತ್ತಿದ್ದರು. ವಶಪಡಿಸಿಕೊಂಡ ಡಬ್ಬಿಗಳನ್ನು ಎದೆಗವಚಿಕೊಂಡು ಸಾಲಾಗಿ ನಿಂತಿದ್ದರು. ಶೆರಿನ್ ಸೆಲ್ಯೂಟ್ ಹೊಡೆದು, ತನ್ನ ಪಾಲಿನ ಒಂದೇ ಒಂದು ಕನ್ನಡ ವಾಕ್ಯವನ್ನು ಕಲಿಸಿದ ಹಾಗೆಯೇ ಹೇಳಿದಳು.

"ಪ್ರಭುವೇ, ಈ ಭಕ್ಷ್ಯಗಳನ್ನು ಏನು ಮಾಡೋಣ?"

ದಂಡನಾಯಕ ಟೊಪ್ಪಿ ಸರಿ ಮಾಡಿಕೊಂಡ. ಬರೆದಿಟ್ಟ ಮಾತು 'ನದಿಗೆ ಎಸೆಯಿರಿ' ಎಂದಿತ್ತು. ರಾಯರು ಸಭೆಯನ್ನು ನೋಡಿದರು, ಸಮೀರನನ್ನು ನೋಡಿದರು, ಹೆಂಡತಿಯನ್ನು ನೋಡಿದರು.

"ನಾಶಪಡಿಸಿರಿ," ಎಂದರು. ಮತ್ತೆ ಅದೇ ಗಂಭೀರ ಮುಖದಿಂದ ಆ ನೆವ್ರಿಯನ್ನು ಬಾಯಿಗೆ ಹಾಕಿಕೊಂಡು ನಾಶಪಡಿಸಿದರು.

ಆ ಕೋಣೆಯಲ್ಲಿ ಎದ್ದ ಸದ್ದನ್ನು ನಾನು ಬರೆಯಲಾರೆ. ಸೈನಿಕರು ಆಜ್ಞೆ ಪಾಲಿಸಿದರು, ಪ್ರಜೆಗಳೂ ಪಾಲಿಸಿದರು. ಬಾಗಿಲಲ್ಲಿದ್ದ ಫಿಲಿಪ್ಪೀನಿನವರನ್ನು ವಿಮಲಾ ಒಳಗೆ ಕರೆದಳು. ಖಾಲಿ ಕುರ್ಚಿಗಳೆಲ್ಲ ತುಂಬಿ, ಜನ ಟೈಲ್ಸ್ ಮೇಲೆ ಕೂತು ಚಕ್ಕುಲಿ ಮುರಿದರು. ಅವರ ಗಿಟಾರಿಗೆ ನಮ್ಮ ಅಜ್ಜಿಯ ಕೀರ್ತನೆ ಹೇಗೋ ಹೊಂದಿಕೊಂಡಿತು. ಸಮೀರ್ ಎರಡು ಉಂಡೆ ತಿಂದು ಮೂರನೆಯದನ್ನು ಕಾಗದದಲ್ಲಿ ಸುತ್ತಿಕೊಂಡ. ರಾಯರು ಮಾತ್ರ ಒಂದು ಮೂಲೆಯಲ್ಲಿ ದಂಡನಾಯಕನ ವೇಷದಲ್ಲೇ ಕೂತು, ಕೆಳಗೆ ಬಿದ್ದ ಚೂರುಗಳನ್ನು ಕಣ್ಣಿನಲ್ಲೇ ಗುಡಿಸುತ್ತಿದ್ದರು. ಸುಶೀಲಕ್ಕ ಪಕ್ಕದಲ್ಲಿ ಕೂತು ಅವರಿಗೆ ಬಿಸಿ ಚಹಾ ಕೊಟ್ಟರು. ಅಂದು ಶುಕ್ರವಾರ, ಸಬ್ಬತ್ ಎಂದು ಯಾರಾದರೂ ನೆನಪಿಸುವ ಮೊದಲು ಅವರು ಅರ್ಧ ಕುಡಿದಾಗಿತ್ತು.

ಆಮೇಲೆ

ನಾನು ಊರಿಗೆ ಬಂದ ಮೇಲೆ ಕಮಿಟಿ ಕೂತಿತು. ಹಬ್ಬದ ದಿನ ಕೋಣೆ ತುಂಬಿತ್ತೆಂದು ಸಮೀರ್ ಹೇಳಿದ್ದರಿಂದ ಕೋಣೆ ಕನ್ನಡದವರಿಗೇ ಉಳಿಯಿತು. ಫಿಲಿಪ್ಪೀನಿನವರಿಗೆ ಪಕ್ಕದ ದೊಡ್ಡ ಕೋಣೆ ಸಿಕ್ಕಿತು. ಒಂದೆರಡು ವರ್ಷ ಕಳೆದು ಆನಂದರಾಯರ ಕೆಲಸ ಮುಗಿಯಿತು. ಗಂಡ ಹೆಂಡತಿ ಕುಂದಾಪುರಕ್ಕೆ ಮರಳಿದರು. ಹೊರಡುವ ಮೊದಲು ಅವರು ಸಭೆಯ ಹಿರಿತನವನ್ನು ವಿಮಲಾಳಿಗೆ ಒಪ್ಪಿಸಿದರು. ಆ ಜಾಗದಲ್ಲಿ ಹೆಂಗಸು ಕೂತದ್ದು ಅದೇ ಮೊದಲು.

ಮೊದಲ ಶುಕ್ರವಾರ ವಿಮಲಾ ಎದ್ದು ನಿಂತು, ಮಕ್ಕಳು ಕೋಣೆಯೊಳಗೆ ಚ್ಯೂಯಿಂಗ್ ಗಮ್ ತರಬಾರದು ಎಂದು ಹೇಳಿದಳಂತೆ.